ಐವತ್ತೆಂಟು ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ಇಂದುಮತಿ ಅವಳ ಹೆಸರಲ್ಲ.
ಬದಲಿ ಹೆಸರು ಬೇಕು, ಅದು ನಿಯಮ, ಎಂದಾಗ
ತುಸು ಹೊತ್ತು ಫ್ಯಾನು ನೋಡಿ
"ಇಂದುಮತಿ ಅಂತ ಬರಕೋರಿ" ಅಂದಳು.
"ನಾಕನೇತ್ತೆ ಮಟ ನನ್ನ ಬಾಜೂ ಕುಂಡ್ರತಿದ್ಲು.
ಭಾಳ ಶಾಣ್ಯಾ ಹುಡುಗಿ."

ವಾಸ್ಕೋದಲ್ಲಿ, ಬಂದರಿಗೆ ಹೋಗುವ ಹಳಿಯ ಪಕ್ಕ,
ಔಷಧಿ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಕೋಣೆ.
ಎರಡು ಕುರ್ಚಿ. ದಿನಕ್ಕೆರಡು ಸಲ ಒರೆಸಿದರೂ
ಕಿಟಕಿಯ ಕಟ್ಟೆಯ ಮೇಲೆ ಕಲ್ಲಿದ್ದಲ ಪುಡಿ.
ಒರೆಸುವುದೂ ತರಬೇತಿಯೇ.
ನೂರು ತಾಸು ಮುಗಿಸಬೇಕು ನಾನು,
ಇದು ಹದಿನೇಳನೆಯದು.

ಕುರ್ಚಿಗಳನ್ನು ಪುಸ್ತಕ ಹೇಳಿದ ಕೋನದಲ್ಲಿ ಇಟ್ಟಿದ್ದೆ.
ಬಂದಳು, ನಿಂತಳು, ನಿಂತೇ ಇದ್ದಳು.
"ನಿಮಗ ಎಲ್ಲಿ ಬೇಕೋ ಅಲ್ಲಿ" ಅಂದೆ.
ಕುರ್ಚಿಯನ್ನು ಎತ್ತಿಕೊಂಡು ಹೋದಳು, ಎಳೆಯಲಿಲ್ಲ,
ಸದ್ದಾಗಬಾರದೆಂದು ರೂಢಿಯಾದವರ ಹಾಗೆ.
ಗೋಡೆಗೆ ಬೆನ್ನು, ಬಾಗಿಲಿಗೆ ಕಣ್ಣು.
ತೆರೆದ ಬಾಗಿಲಿನಿಂದ ಕೆಮ್ಮಿನ ಸಿರಪ್ಪಿನ ವಾಸನೆ,
ಮೀನಿನವಳ ಕೂಗು.
ಹೋಗುವಾಗ ಕುರ್ಚಿಯನ್ನು ಮತ್ತೆ ಮೊದಲಿದ್ದಲ್ಲಿಗೇ,
ಟೈಲಿನ ಗೆರೆಗೆ ಸರಿಯಾಗಿ,
ತಾನು ಬಂದೇ ಇರಲಿಲ್ಲ ಎಂಬಂತೆ.

ಫಾರಮಿನ ನಾಲ್ಕನೆಯ ಪ್ರಶ್ನೆ: ಏನಾಯಿತು?
ಕೆಳಗೆ ಐದು ಗೆರೆ.
ನಾನು ಕೇಳಲಿಲ್ಲ. ಎರ್ಮೆಲಿಂಡಾ ಮೇಡಂ ಹೇಳಿದ್ದರು,
ಗಾಯ ತೋರಿಸು ಎನ್ನುವ ಕೈಯೂ
ಒಮ್ಮೊಮ್ಮೆ ಹೊಡೆದ ಕೈಯಂತೆಯೇ ಕಾಣುತ್ತದೆ.

ಮೂರು ವಾರ ಅವಳು ಮಾತಾಡಿದ್ದು
ಜುವಾರಿನಗರದ ನಳದ ಬಗ್ಗೆ.
ಎಷ್ಟೊತ್ತಿಗೆ ಬರುತ್ತದೆ, ಯಾರ ಕೊಡ ಮುಂದೆ,
ಸಾಲು ಮುರಿದವಳ ಅವ್ವನ ತನಕ ಹೋದ ಬೈಗುಳ.
ನಾನೂ ನಳದ ಬಗ್ಗೆಯೇ ಕೇಳಿದೆ.
ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದ, ಇದಕ್ಕೂ ಎಂ.ಎ. ಬೇಕೇನ?

ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ.
ನನ್ನ ಕನ್ನಡ ಇಲಕಲ್ಲಿನಿಂದ ಅಪ್ಪ ತಂದದ್ದು,
ಅಡುಗೆಮನೆ ದಾಟಿ ಕೆಲಸಕ್ಕೆ ಹೋದದ್ದಿಲ್ಲ.
ಟ್ರಾಮಾ ಅಂದರೆ ಆಘಾತ, ಅನ್ನುತ್ತದೆ ನಿಘಂಟು.
ನನಗದು ಕರೆಂಟು ಹೊಡೆದಾಗ ಪೇಪರಿನವರು ಬರೆಯುವ ಪದ.
ಅವಳು ಅಂದದ್ದು ಬೇರೆ:
"ಎದಿಯಾಗ ಯಾರೋ ಬಾಗಲಾ ಬಡದಂಗ ಆಕ್ಕೈತ್ರಿ.
ನಾ ತಗಿಯಂಗಿಲ್ಲ. ಅವರು ಹೋಗಂಗಿಲ್ಲ."

ನಾಲ್ಕನೆಯ ವಾರ, ನಾಲ್ಕೂ ಇಪ್ಪತ್ತಕ್ಕೆ,
ಕಲ್ಲಿದ್ದಲ ಗಾಡಿ. ಒಂದರ ಕೊಂಡಿ ಒಂದಕ್ಕೆ ಬಡಿಯುತ್ತ
ಸದ್ದು ದೂರದಿಂದ ಓಡಿ ಬಂತು.
ನಳದ ಮಾತು ಅಲ್ಲೇ ತುಂಡಾಯಿತು.
ಕುರ್ಚಿಯ ಅಂಚಿನಲ್ಲಿ ಬೆರಳು ಬೆಳ್ಳಗೆ.
ಕಣ್ಣು ಇಲ್ಲಿತ್ತು. ಅವಳು ಇರಲಿಲ್ಲ.

ಕಲಿಸಿದ್ದನ್ನು ಹೇಳಿದೆ.
ಪಾದ ನೆಲಕ್ಕೂರ್ರಿ. ಕಾಣೂ ಐದು ಸಾಮಾನು ಹೇಳ್ರಿ.
ನನ್ನ ದನಿ ನನಗೇ ಬಸ್ ಕಂಡಕ್ಟರನ ದನಿ.
ಬಾಯಿ ಮುಚ್ಚಿದೆ.
ಗಾಡಿ ದಾಟಿತು. ಅವಳು ಬರಲು ಇನ್ನೂ ಹೊತ್ತು ಹಿಡಿಯಿತು.

ಆ ವಾರ ಸ್ಟೇಷನ್ನಿಗೆ ಹೋಗಿ ವಿಚಾರಿಸಿದೆ,
ಐದೂವರೆಗೆ ಗಾಡಿ ಇರುವುದಿಲ್ಲವಂತೆ.
ಜಾಣೆ ನಾನು ಎಂದುಕೊಂಡು ಅವಳಿಗೆ ಹೇಳಿದೆ,
ಟೈಮ್ ಬದಲು ಮಾಡೂಣೇನ್ರಿ?

"ಬ್ಯಾಡ್ರಿ. ಗಾಡಿ ಮನ್ಯಾಗೂ ಕೇಳಸ್ತೈತಿ.
ಅಲ್ಲಿ ನಾ ಒಬ್ಬಾಕೇ ಇರ್ತೀನಿ."
ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು.
"ಇಲ್ಲಿ ಎಣಸೂಣು."

ಪುಸ್ತಕದಲ್ಲಿ ಇದು ಇರಲಿಲ್ಲ.
ಸದ್ದು ಬಂದಾಗ ಎದ್ದು ಕಿಟಕಿಗೆ ಹೋದಳು,
ಅಂಗೈ ಕಟ್ಟೆಯ ಕರಿಯ ಮೇಲೆ, ತುಟಿ ಮಾತ್ರ ಆಡುತ್ತಿತ್ತು.
ಅವಳಿಂದ ಒಂದು ಮೊಳ ದೂರ ನಿಂತು ನಾನೂ ಎಣಿಸಿದೆ.
ಇಪ್ಪತ್ತರ ಹತ್ತಿರ ಒಮ್ಮೆ ಉಸಿರು ಸಿಕ್ಕಿಕೊಂಡಿತು.
ನಾನು ತಿರುಗಲಿಲ್ಲ.
ಇಪ್ಪತ್ತಮೂರು, ಅಂದಳು, ಈಗ ಜೋರಾಗಿಯೇ.

"ಐವತ್ತೆಂಟು."
ನನಗೆ ಐವತ್ತೇಳು ಬಂದಿತ್ತು.
ವಹಿಯಲ್ಲಿ ಐವತ್ತೆಂಟು ಎಂದೇ ಬರೆದೆ.
ಐದು ಗೆರೆ ಖಾಲಿಯೇ ಇವೆ.

ಹೊರಡುವಾಗ ಕುರ್ಚಿಯನ್ನು ಎತ್ತಿದವಳು
ಅರ್ಧಕ್ಕೆ ನಿಂತು, ಗೋಡೆಯ ಪಕ್ಕ ಇದ್ದಲ್ಲೇ ಇಳಿಸಿದಳು.
"ಇರಲಿ ಬಿಡ್ರಿ" ಅಂದಳು, ಚಪ್ಪಲಿ ಮೆಟ್ಟುತ್ತ.
"ಬರೂ ಮಂಗಳಾರ ಮತ್ತ ಬರ್ತೀನಲ್ಲ."